ಎಂಜಿನಿನ ಲೆಕ್ಕ, ಆಳಿನ ಲೆಕ್ಕ

1

ಅರಿವು ಒಬ್ಬನ ತಲೆಯಲ್ಲಿ ಹುಟ್ಟಿ, ಅವನ ತಲೆಯಲ್ಲೇ ಬೆಳೆದು, ಆಮೇಲೆ ಮಿಕ್ಕವರಿಗೆ ಪ್ರಸಾದದ ಹಾಗೆ ಹಂಚಿಕೆಯಾಗುತ್ತದೆ ಎಂಬುದು ಶಾಲೆಯ ಪುಸ್ತಕಗಳು ಕಲಿಸಿಕೊಟ್ಟ ದೊಡ್ಡ ಸುಳ್ಳು. ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವಾಟ್ ಉಗಿಯಂತ್ರ ಕಂಡುಹಿಡಿದನಂತೆ! ಗಡಿಗೆಯ ಮುಚ್ಚಳ ಕುಣಿಯುವುದನ್ನು ನಮ್ಮ ಅವ್ವಂದಿರು ವಾಟನಿಗಿಂತ ಎಷ್ಟೋ ನೂರು ವರ್ಷ ಮೊದಲೇ ನೋಡಿದ್ದರು. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ ಮೊದಲೇ, 1712ರಲ್ಲೇ, ಥಾಮಸ್ ನ್ಯೂಕೊಮೆನ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿಯ ಉಗಿಯಂತ್ರ ಇಂಗ್ಲೆಂಡಿನ ಗಣಿಯಲ್ಲಿ ನೀರೆತ್ತುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದ ವಾಟನ ಕೈಗೆ ಆ ಯಂತ್ರದ ಒಂದು ಮಾದರಿ ರಿಪೇರಿಗೆ ಬಂತು. ಅವನ ಕೆಲಸ ಶುರುವಾದದ್ದೇ ಮತ್ತೊಬ್ಬ ಮಾಡಿಟ್ಟ ಯಂತ್ರದಿಂದ.

ಒಬ್ಬ ಮಹಾಪುರುಷನ ಕತೆ ಹೇಳುವುದರಿಂದ ಲಾಭ ಯಾರಿಗೆ? ಅರಿವಿಗೆ ಒಡೆಯನೊಬ್ಬ ಇದ್ದಾನೆ ಅಂತ ಒಪ್ಪಿಕೊಂಡ ಕೂಡಲೇ ಅದಕ್ಕೆ ಬೇಲಿ ಹಾಕುವುದು ಸುಲಭ. ನಮ್ಮ ನಾಡಿನಲ್ಲಿ ಈ ಬೇಲಿಯನ್ನು ಹುಟ್ಟಿನ ಮೇಲೆ ಹಾಕಿದರು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿತು. ಪಶ್ಚಿಮದ ಬಂಡವಾಳಶಾಹಿ ಅದೇ ಬೇಲಿಯನ್ನು ಪಾರ್ಲಿಮೆಂಟಿನ ಕಾಯ್ದೆಯಿಂದ, ಪೇಟೆಂಟಿನ ಕಾಗದದಿಂದ ಹಾಕಿತು. ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ. ಪೇಟೆಂಟಿಗೆ ಅವಧಿ ಇರುತ್ತದೆ, ಮುಗಿದ ದಿನ ಬೇಲಿ ಬೀಳುತ್ತದೆ. ಜಾತಿಗೆ ಅವಧಿಯೇ ಇಲ್ಲ.

ಆ ಪೇಟೆಂಟಿನ ಬೇಲಿ ಬಿದ್ದ ಮೇಲೆ ಒಂದು ಗಣಿನಾಡಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ. ಅರಿವನ್ನು ಹಂಚಿಕೊಂಡರೆ ಅದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಹಳೆಯ ಉದಾಹರಣೆ ಕಡಿಮೆ. ಆ ಹಂಚಿಕೆ ಎಲ್ಲಿಗೆ ಬಂದು ನಿಂತಿತು ಎಂಬುದೂ ಅಷ್ಟೇ ಸ್ಪಷ್ಟ. ಆ ಕತೆಯ ಬಾಲ ನಮ್ಮ ಕೋಲಾರದವರೆಗೂ ಬಂದಿದೆ.

2

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ನಾಡು ಕಾರ್ನ್‌ವಾಲ್. ನೆಲದಡಿಯಲ್ಲಿ ತವರ ಮತ್ತು ತಾಮ್ರ. ಆಳಕ್ಕೆ ಇಳಿದಷ್ಟೂ ಅದಿರು, ಇಳಿದಷ್ಟೂ ನೀರು. ನೀರೆತ್ತದಿದ್ದರೆ ಗಣಿ ಮುಳುಗಿತು ಎಂದೇ ಲೆಕ್ಕ. ನೀರೆತ್ತಲು ಉಗಿಯಂತ್ರ ಬೇಕು, ಉಗಿಯಂತ್ರಕ್ಕೆ ಕಲ್ಲಿದ್ದಲು ಬೇಕು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲೇ ಇಲ್ಲ! ವೇಲ್ಸಿನಿಂದ ಹಡಗಿನಲ್ಲಿ ಬರಬೇಕು. ಹೀಗಾಗಿ ಅಲ್ಲಿನ ಗಣಿಯವರಿಗೆ ಒಂದು ಬುಟ್ಟಿ ಕಲ್ಲಿದ್ದಲು ಉಳಿಸುವುದು ಎಂದರೆ ಗಣಿ ಉಳಿಸಿಕೊಂಡಂತೆ.

ವಾಟ್ ಮಾಡಿದ ಸುಧಾರಣೆ ಸಣ್ಣದೇನಲ್ಲ. ಉಗಿಯನ್ನು ಸಿಲಿಂಡರಿನೊಳಗೇ ತಣಿಸುವ ಬದಲು ಬೇರೊಂದು ಪಾತ್ರೆಗೆ ಹರಿಸಿ ಅಲ್ಲಿ ತಣಿಸಿದ. ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಿ ಆರಿಸುವ ದಂಡದ ಖರ್ಚು ತಪ್ಪಿತು. 1769ರಲ್ಲಿ ಪೇಟೆಂಟ್ ಸಿಕ್ಕಿತು. 1775ರಲ್ಲಿ ಪಾರ್ಲಿಮೆಂಟ್ ಅದನ್ನು 1800ರವರೆಗೆ ವಿಸ್ತರಿಸಿತು. ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೌಲ್ಟನ್ ಅವನ ಪಾಲುದಾರನಾದ.

ಇವರು ವಸೂಲಿ ಮಾಡಿದ ರೀತಿಯನ್ನು ನೋಡಬೇಕು. ಹಳೆಯ ನ್ಯೂಕೊಮೆನ್ ಯಂತ್ರ ಸುಡುತ್ತಿದ್ದ ಕಲ್ಲಿದ್ದಲಿಗೂ ತಮ್ಮ ಯಂತ್ರ ಸುಡುವ ಕಲ್ಲಿದ್ದಲಿಗೂ ಇರುವ ವ್ಯತ್ಯಾಸ ಲೆಕ್ಕ ಹಾಕಿ, ಆ ಉಳಿತಾಯದಲ್ಲಿ ಮೂರರಲ್ಲಿ ಒಂದು ಪಾಲನ್ನು ವರ್ಷ ವರ್ಷವೂ ಕೊಡಬೇಕು. ಯಂತ್ರ ಎಷ್ಟು ಸಲ ಆಡಿತು ಎಂಬುದನ್ನು ಎಣಿಸಲು ಎಣಿಕೆಯ ಪೆಟ್ಟಿಗೆಯೊಂದನ್ನು ಕೂಡಿಸಿದರು. ಪೆಟ್ಟಿಗೆಗೆ ಬೀಗ. ಕೀಲಿಕೈ ಕಂಪನಿಯವರ ಹತ್ತಿರ. ಗಣಿ ನಿನ್ನದು, ನೀರು ನಿನ್ನದು, ಕಲ್ಲಿದ್ದಲು ನಿನ್ನ ದುಡ್ಡಿನದು, ಆದರೆ ಲೆಕ್ಕ ಮಾತ್ರ ನಮ್ಮದು! ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಕೊಳಗ ಜಮೀನ್ದಾರನ ಕೈಯಲ್ಲಿರುತ್ತಿದ್ದ ಹಾಗೆ.

ಕಾರ್ನ್‌ವಾಲಿನ ಮೆಕ್ಯಾನಿಕ್ಕುಗಳು ಸುಮ್ಮನಿರಲಿಲ್ಲ. ಜೊನಾಥನ್ ಹಾರ್ನ್‌ಬ್ಲೋವರ್ ಎರಡು ಸಿಲಿಂಡರಿನ ಯಂತ್ರ ಮಾಡಿ 1781ರಲ್ಲಿ ತಾನೂ ಪೇಟೆಂಟ್ ಪಡೆದ. ಎಡ್ವರ್ಡ್ ಬುಲ್ ಎಂಬಾತ ತನ್ನದೇ ರೀತಿಯ ಯಂತ್ರಗಳನ್ನು ನಿಲ್ಲಿಸಿದ. ಇಬ್ಬರನ್ನೂ ವಾಟನ ಕಂಪನಿ ಕೋರ್ಟಿಗೆ ಎಳೆಯಿತು. ಬುಲ್ ಮೇಲಿನ ದಾವೆ 1793ರಲ್ಲಿ ವಿಚಾರಣೆಗೆ ಬಂತು, ಹಾರ್ನ್‌ಬ್ಲೋವರ್ ಮೇಲಿನದು 1799ರಲ್ಲಿ ಇತ್ಯರ್ಥವಾಯಿತು. ಕೊನೆಗೆ ಗೆದ್ದದ್ದು ಕಂಪನಿ. ಗಣಿಯವರು ಕಪ್ಪ ಕಟ್ಟುವುದನ್ನು ನಿಲ್ಲಿಸಿ ನೋಡಿದರು, ತೀರ್ಪು ಬಂದ ಮೇಲೆ ಬಾಕಿ ಸಮೇತ ತೆರಬೇಕಾಯಿತು. ಹೆಚ್ಚು ಒತ್ತಡದ ಉಗಿ ಅಪಾಯವೆಂದು ವಾಟ್ ನಂಬಿದ್ದ, ಆ ದಾರಿ ತುಳಿಯಲು ಅವನಿಗೆ ಮನಸ್ಸಿರಲಿಲ್ಲ. ತುಳಿಯಬೇಕೆಂದವರಿಗೆ ಪೇಟೆಂಟ್ ಅಡ್ಡ ನಿಂತಿತ್ತು. ಒಬ್ಬನ ನಂಬಿಕೆ ಇಡೀ ನಾಡಿನ ಕಾನೂನಾದರೆ ಹೀಗೇ ಆಗುವುದು.

3

1800ರಲ್ಲಿ ಪೇಟೆಂಟ್ ಮುಗಿಯಿತು. ಬೌಲ್ಟನ್ ಮತ್ತು ವಾಟರ ಜನ ಗಂಟುಮೂಟೆ ಕಟ್ಟಿಕೊಂಡು ಕಾರ್ನ್‌ವಾಲ್ ಬಿಟ್ಟರು. ಬೇಲಿ ಬಿದ್ದ ಮಾರನೆಯ ದಿನವೇ ಬೆಳೆ ಬಂತೇ? ಇಲ್ಲ. ಯಂತ್ರಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆ ಅವು ಸೊರಗಿದವು. ಯಾವ ಗಣಿಯಲ್ಲಿ ಏನಾಗುತ್ತಿದೆ ಎಂದು ಪಕ್ಕದ ಗಣಿಯವನಿಗೆ ತಿಳಿಯದು. ಹತ್ತು ವರ್ಷ ಹೀಗೇ ಕಳೆಯಿತು. ಇದನ್ನು ನಾವು ಮುಖ್ಯವಾಗಿ ಗಮನಿಸಬೇಕು. ಬೀಗ ಒಡೆದರೆ ಸಾಲದು. ಒಡೆದ ಮೇಲೆ ಕೂಡಿ ಕೂತು ಲೆಕ್ಕ ನೋಡುವ ಏರ್ಪಾಡು ಬೇಕು.

ಆ ಏರ್ಪಾಡು ಆದದ್ದು 1811ರಲ್ಲಿ. ಕೆಲವು ಗಣಿಗಳ ಮೇಲ್ವಿಚಾರಕರು ಒಂದು ಮಾತಿಗೆ ಬಂದರು. ಇವರನ್ನು ಅಲ್ಲಿ ಕ್ಯಾಪ್ಟನ್ ಎನ್ನುತ್ತಾರೆ. ಎಷ್ಟೋ ಮಂದಿ ಗಣಿಯ ಕೆಲಸದಿಂದಲೇ ಮೇಲೆ ಬಂದವರು. ಎಲ್ಲ ಗಣಿಗಳ ಯಂತ್ರಗಳನ್ನೂ ಒಬ್ಬನೇ ನಂಬಿಗಸ್ತ ಮನುಷ್ಯ ಪ್ರತಿ ತಿಂಗಳೂ ಪರೀಕ್ಷಿಸಬೇಕು, ಅವನು ಕಂಡದ್ದನ್ನು ಕಂಡ ಹಾಗೆ ಅಚ್ಚು ಹಾಕಿಸಬೇಕು, ಹಾಳೆ ಎಲ್ಲರಿಗೂ ಸಿಗಬೇಕು. ಜೋಯೆಲ್ ಲೀನ್ ಎಂಬ ಕ್ಯಾಪ್ಟನ್‌ನಿಗೆ ಈ ಕೆಲಸ ವಹಿಸಿದರು. 1811ರ ಆಗಸ್ಟಿನಲ್ಲಿ ಮೊದಲ ವರದಿ ಬಂತು. ಮರುವರ್ಷವೇ ಲೀನ್ ತೀರಿಕೊಂಡ. ಅವನ ಮಕ್ಕಳು ಥಾಮಸ್ ಮತ್ತು ಜಾನ್ ಕೆಲಸ ಮುಂದುವರಿಸಿದರು. ‘ಲೀನ್ಸ್ ಎಂಜಿನ್ ರಿಪೋರ್ಟರ್’ ಎಂದು ಹೆಸರಾದ ಈ ಹಾಳೆ 1904ರವರೆಗೂ ನಡೆಯಿತು. ತೊಂಬತ್ತಕ್ಕೂ ಹೆಚ್ಚು ವರ್ಷ! ನಮ್ಮ ಸಣ್ಣ ಪತ್ರಿಕೆಗಳು ನಾಲ್ಕು ಸಂಚಿಕೆಗೇ ಏದುಸಿರು ಬಿಡುವುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹಾಳೆಯಲ್ಲಿ ಏನಿತ್ತು? ಕತೆಯಿಲ್ಲ, ಕಾವ್ಯವಿಲ್ಲ. ಗಣಿಯ ಹೆಸರು, ಯಂತ್ರದ ಹೆಸರು, ಸಿಲಿಂಡರಿನ ಅಗಲ, ಪಂಪಿನ ಅಗಲ, ಎಷ್ಟು ಆಳದಿಂದ ನೀರು, ತಿಂಗಳಲ್ಲಿ ಎಷ್ಟು ಸಲ ಆಡಿತು, ಎಷ್ಟು ಕಲ್ಲಿದ್ದಲು ತಿಂದಿತು, ನೋಡಿಕೊಳ್ಳುವ ಎಂಜಿನಿಯರ್ ಯಾರು. ಇವೆಲ್ಲದರ ಕೊನೆಗೆ ಒಂದು ಅಂಕಿ. ಅದಕ್ಕೆ ‘ಡ್ಯೂಟಿ’ ಎಂದು ಹೆಸರು. ಒಂದು ಬುಷೆಲ್ ಕಲ್ಲಿದ್ದಲು ಸುಟ್ಟರೆ ಎಷ್ಟು ಪೌಂಡು ನೀರು ಒಂದು ಅಡಿ ಮೇಲಕ್ಕೆ ಬರುತ್ತದೆ ಎಂಬ ಲೆಕ್ಕ. ಬುಷೆಲ್ ಎಂದರೆ 94 ಪೌಂಡು, ನಮ್ಮ ಸುಮಾರು 43 ಕಿಲೋ. ಯಂತ್ರ ದೊಡ್ಡದಿರಲಿ ಚಿಕ್ಕದಿರಲಿ, ಒಡೆಯ ಯಾರೇ ಇರಲಿ, ಈ ಒಂದು ಅಂಕಿಯ ಮುಂದೆ ಎಲ್ಲರೂ ಸಾಲಾಗಿ ನಿಲ್ಲಬೇಕು.

ಎಣಿಕೆಯ ಪೆಟ್ಟಿಗೆ ಇಲ್ಲೂ ಇತ್ತು, ಅದಕ್ಕೆ ಬೀಗವೂ ಇತ್ತು. ಆದರೆ ಕೀಲಿಕೈ ಈಗ ವಸೂಲಿಗಾರನ ಸೊಂಟದಲ್ಲಿರಲಿಲ್ಲ. ಎಲ್ಲರೂ ಒಪ್ಪಿದ ವರದಿಗಾರನ ಹತ್ತಿರ ಇತ್ತು. ಅವನು ತೆಗೆದು ನೋಡಿದ್ದು ಮುಂದಿನ ಹಾಳೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದೇ ಪೆಟ್ಟಿಗೆ, ಅದೇ ಬೀಗ. ಕೈ ಬದಲಾದದ್ದೇ ತಡ, ಸುಲಿಗೆಯ ಸಾಧನ ಕಲಿಕೆಯ ಸಾಧನವಾಯಿತು. ಯಂತ್ರ ಯಾವತ್ತೂ ತಾನಾಗಿ ಶೋಷಕನಲ್ಲ ಎಂದು ನಮ್ಮ ಗೆಳೆಯರು ಚರ್ಚೆ ಮಾಡುತ್ತಾರಲ್ಲ, ಅವರಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

4

ಫಲ ಏನಾಯಿತು? 1790ರ ದಶಕದ ಕೊನೆಗೆ, ಅಂದರೆ ಪೇಟೆಂಟಿನ ರಾಜ್ಯದಲ್ಲಿ, ಕಾರ್ನ್‌ವಾಲಿನ ವಾಟ್ ಯಂತ್ರಗಳ ಸರಾಸರಿ ಡ್ಯೂಟಿ ಎರಡು ಕೋಟಿಯನ್ನೂ ಮುಟ್ಟಿರಲಿಲ್ಲ. 1811ರಲ್ಲಿ ವರದಿ ಶುರುವಾದಾಗಲೂ ಹೆಚ್ಚುಕಮ್ಮಿ ಅಲ್ಲೇ ಇತ್ತು. ಅಲ್ಲಿಂದ ಅಂಕಿ ಏರತೊಡಗಿತು. 1840ರ ದಶಕದ ಹೊತ್ತಿಗೆ ವರದಿಯಾದ ಯಂತ್ರಗಳ ಸರಾಸರಿ ಐದು ಕೋಟಿ ದಾಟಿತ್ತು, ಅತ್ಯುತ್ತಮ ಯಂತ್ರಗಳು ಹತ್ತು ಕೋಟಿ ದಾಟಿದ್ದವು. ಅದೇ ಬುಟ್ಟಿ ಕಲ್ಲಿದ್ದಲು ಎರಡೂವರೆ ಪಟ್ಟು, ಕೆಲವು ಕಡೆ ಐದು ಪಟ್ಟು ನೀರೆತ್ತಿತು.

ಇದನ್ನು ಸಾಧಿಸಿದ ಮಹಾಪುರುಷ ಯಾರು ಅಂತ ಕೇಳಿದರೆ ಒಂದು ಹೆಸರು ಹೇಳಲಾಗದು. ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ ಉಗಿಯನ್ನು ಬಳಸಿ, ಉದ್ದನೆಯ ಹೊಸ ಬಾಯ್ಲರ್ ಮಾಡಿ, 1812ರಲ್ಲಿ ವ್ಹೀಲ್ ಪ್ರಾಸ್ಪರ್ ಗಣಿಯಲ್ಲಿ ಹೊಸ ಬಗೆಯ ಯಂತ್ರ ನಿಲ್ಲಿಸಿದ. ವ್ಹೀಲ್ ಎಂದರೆ ಅಲ್ಲಿನ ಮಾತಿನಲ್ಲಿ ಗಣಿ. ಆ ಯಂತ್ರಕ್ಕೆ ಅವನು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ನೋಡಬಹುದಿತ್ತು, ಮಾಡಬಹುದಿತ್ತು. ಬಡಗಿ ಕೆಲಸ ಕಲಿತು ಬಂದ ಆರ್ಥರ್ ವುಲ್ಫ್ ಎರಡು ಸಿಲಿಂಡರಿನ ದಾರಿ ಹಿಡಿದ, ಯಂತ್ರದ ಭಾಗಗಳನ್ನು ನಯವಾಗಿ ಕಡೆಯುವುದನ್ನು ತಂದ. ವುಲ್ಫನ ಯಂತ್ರ ಹೆಚ್ಚೋ, ಟ್ರೆವಿಥಿಕನ ಸರಳ ಯಂತ್ರ ಹೆಚ್ಚೋ ಎಂಬ ಜಗಳವನ್ನು ಕೋರ್ಟು ತೀರ್ಮಾನಿಸಲಿಲ್ಲ. ತಿಂಗಳು ತಿಂಗಳಿನ ಹಾಳೆ ತೀರ್ಮಾನಿಸಿತು. ಸರಳ ಯಂತ್ರ ಅಗ್ಗ, ಕೆಲಸದಲ್ಲಿ ಸಮ. ಜನ ಅದನ್ನೇ ಹಿಡಿದರು.

ಸ್ಯಾಮ್ಯುಯೆಲ್ ಗ್ರೋಸ್ ಎಂಬ ಎಂಜಿನಿಯರ್ ಮಾಡಿದ್ದು ಇನ್ನೂ ಸರಳ. ಉಗಿ ಹೋಗುವ ಕೊಳವೆಗಳಿಗೆ, ಸಿಲಿಂಡರಿಗೆ, ಬಾಯ್ಲರಿಗೆ ಕಾವು ಸೋರದ ಹಾಗೆ ದಪ್ಪನೆಯ ಹೊದಿಕೆ ಹೊದಿಸಿದ. ಒಲೆಯಿಂದ ಇಳಿಸಿದ ಗಡಿಗೆಗೆ ನಮ್ಮವರು ಗೋಣಿ ಸುತ್ತುವುದಿಲ್ಲವೇ, ಹಾಗೆ. 1820ರ ದಶಕದ ಕೊನೆಯಲ್ಲಿ ವ್ಹೀಲ್ ಟೋವನ್ ಗಣಿಯ ಅವನ ಯಂತ್ರ ಎಂಟು ಕೋಟಿ ದಾಟಿತು. ಮುಂದಿನ ತಿಂಗಳ ಹಾಳೆಯಲ್ಲಿ ಅಂಕಿ ನೋಡಿದವರೆಲ್ಲ ‘ಅದೇನು ಮಾಡಿದನಪ್ಪ’ ಅಂತ ಹೋಗಿ ನೋಡಿ ಬಂದರು, ತಮ್ಮ ತಮ್ಮ ಯಂತ್ರಗಳಿಗೂ ಹೊದಿಸಿದರು. 1835ರಲ್ಲಿ ಫೋಯ್ ಕನ್ಸಾಲ್ಸ್ ಗಣಿಯ ಯಂತ್ರವೊಂದು ನಂಬಲಾಗದ ಅಂಕಿ ತೋರಿಸಿತು. ಸುಳ್ಳಿರಬೇಕು ಎಂದು ಗೊಣಗಾಟ ಶುರುವಾಯಿತು. ಆಗ ಅವರು ಮಾಡಿದ್ದೇನು? ಎಲ್ಲರ ಕಣ್ಣೆದುರಿಗೆ ಪರೀಕ್ಷೆ ನಡೆಸಿದರು. ಹನ್ನೆರಡೂವರೆ ಕೋಟಿ ಬಂತು. ಸಂಶಯ ಬಂದವನನ್ನು ಹೊರಗಟ್ಟುವ ಮಠದ ಪದ್ಧತಿ ಅದಲ್ಲ. ಸಂಶಯ ಬಂದವನೇ ಬಂದು ಅಳೆಯಲಿ ಎಂಬ ಪದ್ಧತಿ.

ಒಬ್ಬನ ತಪ್ಪು ಇನ್ನೊಬ್ಬನಿಗೆ ಪಾಠ, ಒಬ್ಬನ ಗೆಲುವು ಎಲ್ಲರಿಗೆ ಏಣಿ. ಊರಿಗೆ ಊರೇ ಕೂಡಿ ಯೋಚಿಸಿದ ಹಾಗೆ. ಹೀಗೆ ಪೇಟೆಂಟಿಲ್ಲದೆ, ಎದುರಾಳಿಗೂ ವಿವರ ಕೊಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಅರಿವು ಬೆಳೆಯುವುದಕ್ಕೆ ರಾಬರ್ಟ್ ಅಲೆನ್ ಎಂಬ ಅರ್ಥಶಾಸ್ತ್ರದ ಇತಿಹಾಸಕಾರ 1983ರಲ್ಲಿ ‘ಸಾಮೂಹಿಕ ಆವಿಷ್ಕಾರ’ ಎಂಬ ಹೆಸರು ಕೊಟ್ಟ. ಅವನು ನೋಡಿದ್ದು ಇಂಗ್ಲೆಂಡಿನ ಕ್ಲೀವ್‌ಲ್ಯಾಂಡಿನ ಕಬ್ಬಿಣದ ಕುಲುಮೆಗಳನ್ನು. ಕಾರ್ನ್‌ವಾಲಿನ ಯಂತ್ರಗಳಿಗೂ ಆ ಮಾತು ಸಲ್ಲುತ್ತದೆ ಎಂದು ಅಲೆಸ್ಸಾಂಡ್ರೊ ನುವೊಲಾರಿ 2004ರಲ್ಲಿ ವಿವರವಾಗಿ ತೋರಿಸಿದ. ವಿದ್ವಾಂಸರು ಹೆಸರಿಡುವುದಕ್ಕೆ ನೂರೆಪ್ಪತ್ತು ವರ್ಷ ಮೊದಲೇ ಕೈಗೆ ಮಸಿ ಹತ್ತಿಸಿಕೊಂಡ ಜನ ಅದನ್ನು ಮಾಡಿ ಮುಗಿಸಿದ್ದರು.

5

ಇಲ್ಲಿಗೆ ಕತೆ ನಿಲ್ಲಿಸಿದರೆ ಕೇಳಲು ಇಂಪಾಗಿರುತ್ತದೆ. ನಾವು ನಿಲ್ಲಿಸುವ ಹಾಗಿಲ್ಲ. ಗಣಿಯೊಡೆಯರು ಇಷ್ಟು ಉದಾರಿಗಳಾದದ್ದು ಹೇಗೆ?

ಉತ್ತರ ಅವರ ಜೇಬಿನಲ್ಲಿದೆ. ಕಾರ್ನ್‌ವಾಲಿನ ಗಣಿಗಳಲ್ಲಿ ದುಡ್ಡು ಹಾಕಿದವರನ್ನು ‘ಅಡ್ವೆಂಚರರ್ಸ್’, ಸಾಹಸಿಗಳು, ಎನ್ನುತ್ತಿದ್ದರು. (ಸುರಂಗಕ್ಕೆ ಇಳಿಯುವವನು ಕೂಲಿ, ದುಡ್ಡು ಹಾಕಿ ಮನೆಯಲ್ಲಿ ಕೂತವನು ಸಾಹಸಿ!) ಒಬ್ಬನೇ ಸಾಹಸಿ ನಾಲ್ಕಾರು ಗಣಿಗಳಲ್ಲಿ ಪಾಲು ಇಟ್ಟಿರುತ್ತಿದ್ದ. ತಾಮ್ರದ ಬೆಲೆಯನ್ನು ನಿರ್ಧರಿಸುತ್ತಿದ್ದವರು ಹೊರಗಿನ ಕರಗಿಸುವ ಕಂಪನಿಗಳು. ಒಂದು ಗಣಿಯ ಯಂತ್ರ ಚೆನ್ನಾದರೆ ಪಕ್ಕದ ಗಣಿಗೆ ನಷ್ಟವಿಲ್ಲ. ಎಂಜಿನಿಯರುಗಳಿಗೂ ಹಾಳೆಯಲ್ಲಿ ಹೆಸರು ಮೇಲೆ ಬಂದರೆ ಹತ್ತು ಗಣಿಯಿಂದ ಕರೆ ಬರುತ್ತಿತ್ತು. ಹಿತ ಒಂದೇ ಆದ ಕಡೆ ಅರಿವು ಸಲೀಸಾಗಿ ಹರಿಯಿತು.

ಹಿತ ಬೇರೆಯಾದ ಕಡೆ? ಗಣಿಯ ಕೂಲಿಗಳನ್ನು ನೋಡೋಣ. ಗೊತ್ತಾದ ದಿನ ಗಣಿಯ ಕಚೇರಿ ಮುಂದೆ ಎಲ್ಲರೂ ಸೇರಬೇಕು. ಕ್ಯಾಪ್ಟನ್ ಮೇಲೆ ನಿಂತು ಸುರಂಗದ ಒಂದೊಂದು ತುಂಡನ್ನು ಹರಾಜು ಕೂಗುತ್ತಾನೆ. ಇದು ಏರುವ ಹರಾಜಲ್ಲ, ಇಳಿಯುವ ಹರಾಜು. ಅದಿರಿನ ಬೆಲೆಯಲ್ಲಿ ಪೌಂಡಿಗೆ ಇಷ್ಟು ಪಾಲು ಕೊಟ್ಟರೆ ಅಗೆಯುತ್ತೇನೆ ಎಂದು ಒಬ್ಬ ಅಂದರೆ, ಅದಕ್ಕಿಂತ ಕಮ್ಮಿಗೆ ಅಗೆಯುತ್ತೇನೆ ಎಂದು ಇನ್ನೊಬ್ಬ ಅನ್ನಬೇಕು. ಕ್ಯಾಪ್ಟನ್ ಒಂದು ಕಲ್ಲುಹರಳನ್ನು ಮೇಲಕ್ಕೆ ಎಸೆಯುತ್ತಾನೆ, ಅದು ನೆಲಕ್ಕೆ ಬೀಳುವುದರೊಳಗೆ ಕೊನೆಗೆ ಕೂಗಿದವನಿಗೆ ಕೆಲಸ. ಮೇಣದಬತ್ತಿ, ಮದ್ದು, ಹತಾರ, ಎಲ್ಲದರ ಖರ್ಚೂ ಕೂಲಿಯವನ ಲೆಕ್ಕದಿಂದಲೇ ಮುರಿದುಕೊಳ್ಳುತ್ತಿದ್ದರು.

ಇಂಥ ಹರಾಜಿನಲ್ಲಿ ಕೂಲಿಯವನ ಹತ್ತಿರ ಇದ್ದ ಬಂಡವಾಳ ಒಂದೇ. ಅದಿರಿನ ಎಳೆ ಕಲ್ಲಿನೊಳಗೆ ಎತ್ತ ತಿರುಗುತ್ತದೆ, ಎಲ್ಲಿ ದಪ್ಪವಾಗುತ್ತದೆ ಎಂಬ ಅವನ ಕಣ್ಣಿನ, ಕೈಯಿನ ಅರಿವು. ಅದನ್ನು ಅವನು ಬಚ್ಚಿಟ್ಟುಕೊಂಡ. ಒಳ್ಳೆ ಅದಿರು ಕಂಡರೆ ಹರಾಜಿನ ದಿನ ಕಳೆಯುವವರೆಗೆ ಮುಚ್ಚಿಟ್ಟ. ಬಾಯಿಬಿಟ್ಟರೆ ಮುಂದಿನ ಹರಾಜಿನಲ್ಲಿ ಅವನ ಪಾಲೇ ಇಳಿಯುತ್ತದೆ! ಒಂದೇ ಗಣಿಯ ಮೇಲ್ಗಡೆ ಲೆಕ್ಕ ಬಟಾಬಯಲು, ಕೆಳಗಡೆ ಬಾಯಿಗೆ ಬೀಗ. ಕೂಲಿಯವನು ಜಿಪುಣನೂ ಅಲ್ಲ, ಮೂಢನೂ ಅಲ್ಲ. ಹಂಚಿಕೊಂಡರೆ ಹೊಟ್ಟೆಗೆ ಕಲ್ಲು ಬೀಳುವ ಕಡೆ ಹಂಚಿಕೊಳ್ಳಿರೋ ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಕೆಲಸ.

ಇನ್ನೊಂದು ಲೆಕ್ಕ ನೋಡಿ. ನೀರು ಎಷ್ಟು ಪೌಂಡು, ಎಷ್ಟು ಅಡಿ ಮೇಲೆ ಬಂತು ಎಂದು ತಿಂಗಳು ತಿಂಗಳೂ ಅಚ್ಚಾಗುತ್ತಿತ್ತು. ಅದೇ ಸುರಂಗದಿಂದ ಮನುಷ್ಯ ಹೇಗೆ ಮೇಲೆ ಬರುತ್ತಿದ್ದ? ಏಣಿ ಹತ್ತಿ. ಇಡೀ ಪಾಳಿ ಕಲ್ಲು ಒಡೆದು, ಧೂಳು ಕುಡಿದು, ಸಾವಿರಾರು ಅಡಿ ಏಣಿ ಹತ್ತಬೇಕು. ಮನುಷ್ಯರನ್ನು ಮೇಲೆತ್ತುವ ಯಂತ್ರಕ್ಕೆ ಫಾಲ್ಮತ್ ಊರಿನಲ್ಲಿ 1833ರಲ್ಲಿ ಹುಟ್ಟಿದ ಪಾಲಿಟೆಕ್ನಿಕ್ ಸಂಘವೊಂದು ಬಹುಮಾನ ಸಾರಬೇಕಾಯಿತು. ಟ್ರೆಸವೀನ್ ಗಣಿಯಲ್ಲಿ ಅಂಥ ಮೊದಲ ಯಂತ್ರ ಆಡಿದ್ದು 1842ರಲ್ಲಿ. ವರದಿಯ ಹಾಳೆ ಶುರುವಾಗಿ ಆಗಲೇ ಮೂವತ್ತೊಂದು ವರ್ಷ! ಮೇಲ್ಗಡೆ ಅಂಗಳದಲ್ಲಿ ಸುತ್ತಿಗೆ ಹಿಡಿದು ಅದಿರು ಕುಟ್ಟುತ್ತಿದ್ದ ಹೆಣ್ಣುಮಕ್ಕಳಿಗೆ, ಶ್ವಾಸಕೋಶ ಕೆಟ್ಟು ನಲವತ್ತಕ್ಕೇ ಮುದುಕರಾಗುತ್ತಿದ್ದ ಗಂಡಸರಿಗೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ. ಯಾವುದಕ್ಕೆ ಕಾಲಂ ಇಲ್ಲವೋ ಅದು ಸುಧಾರಿಸುವುದೂ ಇಲ್ಲ.

ಟ್ರೆವಿಥಿಕನ ಗತಿ ಏನಾಯಿತು? ಅವನ ಅರಿವಿನಿಂದ ಗಣಿಯೊಡೆಯರು ಉಳಿಸಿದ ಕಲ್ಲಿದ್ದಲಿಗೆ ಲೆಕ್ಕವಿಲ್ಲ. ದಕ್ಷಿಣ ಅಮೆರಿಕದ ಗಣಿಗಳಲ್ಲಿ ಅಲೆದು ಬರಿಗೈಯಲ್ಲಿ ವಾಪಸು ಬಂದವನು 1828ರಲ್ಲಿ ಪಾರ್ಲಿಮೆಂಟಿಗೆ ಸಹಾಯಕ್ಕಾಗಿ ಅರ್ಜಿ ಹಾಕಿದ. ಏನೂ ಸಿಗಲಿಲ್ಲ. 1833ರಲ್ಲಿ ಡಾರ್ಟ್‌ಫರ್ಡಿನ ಒಂದು ಛತ್ರದಲ್ಲಿ ಸತ್ತ. ಮಣ್ಣು ಮಾಡುವ ಖರ್ಚನ್ನು ಕೊಟ್ಟವರು ಜೊತೆಗೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಆಳುಗಳು. ಬೀಗ ಹಾಕಿದ ವಾಟ್ ಸಿರಿವಂತನಾದ, ಬಿಚ್ಚಿ ಕೊಟ್ಟ ಟ್ರೆವಿಥಿಕ್ ಭಿಕಾರಿಯಾದ. ಕೊಟ್ಟವನನ್ನು ಸಾಕುವ ಹೊಣೆ ಹೊರದ ಸಮಾಜದಲ್ಲಿ ಅರಿವನ್ನು ಬಿಟ್ಟಿ ಹಂಚುವುದು ಎಂದರೆ ಒಡೆಯನಿಗೆ ಬಿಟ್ಟಿ ಚಾಕರಿ ಮಾಡಿದಂತೆಯೇ.

6

ಕಾರ್ನ್‌ವಾಲಿನಲ್ಲಿ ಗ್ವೆನ್ನಪ್ ಎಂಬ ಕಡೆಯ ಕನ್ಸಾಲಿಡೇಟೆಡ್ ಗಣಿಗಳನ್ನು 1819ರಲ್ಲಿ ಮತ್ತೆ ತೆರೆಸಿ ನಡೆಸಿದವನು ಜಾನ್ ಟೇಲರ್. ಡ್ಯೂಟಿಯ ಲೆಕ್ಕದಲ್ಲಿ ಅಪಾರ ನಂಬಿಕೆ ಇದ್ದವನು. ಹತ್ತು ಕೋಟಿ ದಾಟಿದ ಯಂತ್ರಗಳಲ್ಲಿ ಒಂದಕ್ಕೆ ‘ಟೇಲರ್ಸ್ ಎಂಜಿನ್’ ಎಂದೇ ಹೆಸರು. ಅವನು 1863ರಲ್ಲಿ ಸತ್ತ. 1866ರಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲಿನ ಗಣಿಗಳು ಮುಚ್ಚತೊಡಗಿದವು. ಗಣಿಯ ಜನ ಗುಳೆ ಎದ್ದರು. ಆಸ್ಟ್ರೇಲಿಯಾ, ಅಮೆರಿಕ, ಆಫ್ರಿಕ ಸೇರಿದರು. ಕೆಲವರು ಬಂದದ್ದು ನಮ್ಮ ಕೋಲಾರಕ್ಕೆ. 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟ ‘ಜಾನ್ ಟೇಲರ್ ಅಂಡ್ ಸನ್ಸ್’ ಇದೇ ಮನೆತನದ ಕಂಪನಿ.

ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ. ಈ ನಾಲ್ಕು ಗಣಿಗಳನ್ನು ಇಳಿದು ಅಗೆದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಹೊಲಗೇರಿಯ ಜನ. ಊರಿನ ಜೀತ ತಪ್ಪಿಸಿಕೊಂಡು ಬಂದು ಭೂಮಿಯೊಳಗಿನ ಜೀತಕ್ಕೆ ಬಿದ್ದವರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ತಂದರು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಕಾರ್ನ್‌ವಾಲಿನ ಕ್ಯಾಪ್ಟನ್ ಬಂದ, ಪಂಪು ಬಂತು, ಲೆಕ್ಕದ ಪುಸ್ತಕ ಬಂತು. ಟನ್ನು ಅದಿರಿಗೆ ಎಷ್ಟು ಚಿನ್ನ ಎಂಬ ವರದಿ ಲಂಡನ್ನಿನ ಪಾಲುದಾರನಿಗೆ ತಪ್ಪದೆ ಹೋಯಿತು. ಆಳಿಗೆ ಏನು ಬಂತು? ಚಿನ್ನ ಕದಿಯುತ್ತಾನೆಂದು ಮೈತಪಾಸಣೆ ಬಂತು. 1930ರಲ್ಲಿ ಪ್ರತಿ ಕೂಲಿಯವನೂ ಬೆರಳಚ್ಚು ಒತ್ತಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂತು. ಅದರ ವಿರುದ್ಧ ಸಾವಿರಾರು ಜನ ಕೆಲಸ ನಿಲ್ಲಿಸಿ ಸುಮಾರು ಮೂರು ವಾರ ಹೋರಾಡಿದರು. ನಮ್ಮ ಬಗ್ಗೆ ಎಲ್ಲವನ್ನೂ ನೀನು ತಿಳಿದುಕೊಳ್ಳಬೇಕು, ನಿನ್ನ ಬಗ್ಗೆ ಏನನ್ನೂ ನಾವು ತಿಳಿಯಬಾರದು. ಇದು ಯಾವ ಸೀಮೆಯ ನ್ಯಾಯ? ಆ ಮುಷ್ಕರದ ಒಡಲಲ್ಲಿದ್ದ ಪ್ರಶ್ನೆ ಇದೇ.

ಆದರೆ ಆ ಜನ ಬರೀ ಕಲ್ಲು ಒಡೆಯಲಿಲ್ಲ. ಅಯೋಧಿದಾಸ ಪಂಡಿತರು 1907ರಲ್ಲಿ ಮದರಾಸಿನ ರಾಯಪೇಟೆಯಿಂದ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಶುರುಮಾಡಿದರು. ಬೆಲೆ ಹೆಸರಿನಲ್ಲೇ ಇದೆ. ಅದರ ಗಟ್ಟಿ ಓದುಗರು ಕೋಲಾರದ ಗಣಿಯ ಸಾಲುಮನೆಗಳಲ್ಲಿದ್ದರು. ಓದುಗರು ಪ್ರಶ್ನೆ ಬರೆದು ಕಳಿಸುತ್ತಿದ್ದರು, ಪಂಡಿತರು ಪತ್ರಿಕೆಯಲ್ಲೇ ಉತ್ತರಿಸುತ್ತಿದ್ದರು. ಬೌದ್ಧ ಸಂಘ ಕಟ್ಟಿಕೊಂಡ ಗಣಿಯ ಜನ, 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರ ಬರಹಗಳನ್ನು ತಾವೇ ಅಚ್ಚು ಹಾಕಿಸಿ ಉಳಿಸಿದರು. ನಿಂತುಹೋಗಿದ್ದ ‘ತಮಿಳನ್’ 1926ರಲ್ಲಿ ಗಣಿಯಿಂದಲೇ ಮತ್ತೆ ಹೊರಟಿತು. ಒಡೆಯರ ಹಾಳೆಯಲ್ಲಿ ತಮಗೆ ಕಾಲಂ ಇಲ್ಲದಿದ್ದಾಗ ತಮ್ಮದೇ ಹಾಳೆ ಮಾಡಿಕೊಂಡರು. ನೀರಿನ ಲೆಕ್ಕಕ್ಕೆ ಲೀನನ ರಿಪೋರ್ಟರ್ ಇದ್ದ ಹಾಗೆ, ಅವಮಾನದ ಲೆಕ್ಕಕ್ಕೆ, ಸ್ವಾಭಿಮಾನದ ಲೆಕ್ಕಕ್ಕೆ ಒಂದು ಪೈಸೆಯ ಹಾಳೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸೈನೈಡಿನ ಬೂದಿಗುಡ್ಡಗಳು ಉಳಿದವು. ಆಳುಗಳ ಎದೆಯೊಳಗೆ ಕೂತ ಧೂಳಿನ ಲೆಕ್ಕ ಯಾವ ಪಾಲುದಾರನ ವರದಿಯಲ್ಲೂ ಮುಖ್ಯ ಅಂಕಿಯಾಗಲಿಲ್ಲ.

7

ಹಾಗಾದರೆ ಈ ಇತಿಹಾಸದಿಂದ ನಾವು ಎತ್ತಿಕೊಳ್ಳಬೇಕಾದದ್ದೇನು? ಮೂರು ಮಾತು.

ಒಂದು: ಅರಿವು ಕೂಡಿ ಬೆಳೆಯುವಂಥದ್ದು. ಬೀಗ ಹಾಕಿದವರ ಕಾಲದಲ್ಲಿ ನಿಂತಿದ್ದ ಅಂಕಿ ಬಿಚ್ಚಿಟ್ಟವರ ಕಾಲದಲ್ಲಿ ಓಡಿತು. ಇದನ್ನು ಯಾರಾದರೂ ಆದರ್ಶದ ಮಾತು ಎಂದು ಹೀಗಳೆದರೆ, ಕಾರ್ನ್‌ವಾಲಿನ ಹಾಳೆಗಳನ್ನು ಅವರ ಮುಂದಿಡಿ.

ಎರಡು: ಅರಿವು ಬಯಲಾಗಿದೆ ಎಂದು ಯಾರಾದರೂ ಹೇಳಿದ ಕೂಡಲೇ ಕೇಳಬೇಕು, ಯಾರ ನಡುವೆ ಬಯಲು? ಹಾಳೆಯಲ್ಲಿ ಯಾವ ಕಾಲಂ ಇದೆ, ಯಾವುದು ಇಲ್ಲ? ಕಾಲಂ ಎಳೆಯುವ ಕೈ ಯಾರದು? ಈವತ್ತು ಪಡಿತರದಂಗಡಿಯ ಮುಂದೆ ಬಡವ ಬೆರಳೊತ್ತಿ ನಿಲ್ಲುತ್ತಾನೆ. ಅವನ ಬೆರಳು ಸರ್ಕಾರಕ್ಕೆ ಗೊತ್ತು. ಅಂಗಡಿಗೆ ಬಂದ ಮೂಟೆ ಎಷ್ಟು, ಹೋದ ಮೂಟೆ ಎಷ್ಟು ಎಂಬುದು ಅವನಿಗೆ ಗೊತ್ತೇ?

ಮೂರು: ಲೆಕ್ಕ ಕೇಳುವ ಹಕ್ಕು ಮೇಲಿನಿಂದ ಉದುರಿದ್ದಲ್ಲ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಬಯಲಿನಲ್ಲಿ ಕೂತು ಕೂಲಿಯ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಿನಲ್ಲಿ, ಊರಲ್ಲೇ ಇಲ್ಲದವರ ಹೆಸರಿನಲ್ಲಿ ಕೂಲಿ ಬರೆದದ್ದು ಬಯಲಾಯಿತು. ಓದು ಬಾರದವರು ಕೇಳಿಸಿಕೊಂಡೇ ತಪ್ಪು ಹಿಡಿದರು. ಯಾಕೆಂದರೆ ಯಾರು ಮಣ್ಣು ಹೊತ್ತರು, ಯಾರು ಹೊರಲಿಲ್ಲ ಎಂಬ ಅರಿವು ಅವರಲ್ಲೇ ಇತ್ತು. ಅಂಥ ಹೋರಾಟಗಳಿಂದ 2005ರ ಮಾಹಿತಿ ಹಕ್ಕು ಕಾಯ್ದೆ ಬಂತು. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತ್ತು. ಬಂದ ಹಕ್ಕು ತಾನಾಗಿ ಉಳಿಯುವುದಿಲ್ಲ. 2023ರಲ್ಲಿ ಪಾರ್ಲಿಮೆಂಟ್ ಒಪ್ಪಿದ ದತ್ತಾಂಶ ಸಂರಕ್ಷಣೆಯ ಕಾಯ್ದೆ ಮಾಹಿತಿ ಹಕ್ಕಿನ 8ನೇ ಕಲಮನ್ನೇ ತಿದ್ದಿದೆ. ವೈಯಕ್ತಿಕ ಮಾಹಿತಿ ಎಂಬ ಒಂದು ಮಾತು ಹೇಳಿ ಗುತ್ತಿಗೆದಾರನ ಹೆಸರು, ಫಲಾನುಭವಿಯ ಪಟ್ಟಿ ಮುಚ್ಚಿಡಲು ದಾರಿ ಮಾಡಿದೆ. ಬೀಗ ಮತ್ತೆ ಬರುತ್ತಿದೆ, ಈ ಸಲ ಬಡವನ ಮಾನ ಕಾಯುವ ಹೆಸರಿನಲ್ಲಿ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಪಂಚಾಯ್ತಿಯ, ಹಾಸ್ಟೆಲಿನ, ಪಡಿತರದಂಗಡಿಯ ಒಂದೇ ಒಂದು ಲೆಕ್ಕವನ್ನು ಕೇಳಿ ತೆಗೆದುಕೊಳ್ಳಿ. ಹಾಸ್ಟೆಲಿಗೆ ಬಂದ ಅಕ್ಕಿ ಎಷ್ಟು, ಹುಡುಗರು ಉಂಡದ್ದೆಷ್ಟು. ಅದನ್ನು ಫೈಲಿನಲ್ಲಿ ಇಟ್ಟುಕೊಳ್ಳಬೇಡಿ. ಕೇರಿಯಲ್ಲಿ ನಿಂತು ಓದಿ. ಮುಂದಿನ ತಿಂಗಳು ಮತ್ತೆ ಓದಿ, ಪಕ್ಕದೂರಿನ ಲೆಕ್ಕದ ಜೊತೆ ಹೋಲಿಸಿ. ಕೇಳಿಸಿಕೊಂಡವರು ಹೇಳಿದ್ದನ್ನೂ ಬರೆದುಕೊಳ್ಳಿ, ಅದಕ್ಕೂ ಒಂದು ಕಾಲಂ ಎಳೆಯಿರಿ. ಲೀನನ ಹಾಳೆ ಶುರುವಾದದ್ದು ಬೆರಳೆಣಿಕೆಯ ಯಂತ್ರಗಳಿಂದ. ನಮ್ಮದು ಒಂದು ಹಾಸ್ಟೆಲಿನಿಂದ ಶುರುವಾದರೆ ಸಾಕು.